ಹನ್ನೆರಡು ಸೊಟ್ಟ ಬಟ್ಟಲು

ಇನ್ನೂ ಸ್ವಲ್ಪ ಸೊಟ್ಟ ಇರ್ಲಿ ಆಕಿಮ್ ಮಾಮ, ಕೈಯಲ್ಲಿ ಮಾಡಿದ್ದು ಅಂತ ಜನಕ್ಕೆ ಗೊತ್ತಾಗ್ಬೇಕಲ್ವಾ — ಗೊತ್ತಾಗಬೇಕಂತೆ, ಹೇಳಿದವಳು ಬುಕಾರೆಸ್ಟ್ ನಗರದಿಂದ ಬಂದ ಈ ಇಲಿಂಕಾ, ಮಡಕೆಗಳ ಪ್ರದರ್ಶನ ಏರ್ಪಡಿಸುವವಳು, ಮತ್ತೆ ಕಾಲಲ್ಲಿ ಮಾಡುತ್ತಾರೇನು ಎಂದುಕೊಂಡ ಆಕಿಮ್, ತಿಗರಿಯ ಕೆಳಚಕ್ರ ಒದೆಯುತ್ತ, ಒದೆಯುವುದು ಕಾಲಲ್ಲೇ, ಅದೊಂದು ನಿಜ — ಜೇಡಿ ಬೆರಳ ನಡುವೆ ತಣ್ಣಗೆ ಏಳುತ್ತಿದೆ, ಏಳುವುದೇ ನೆಟ್ಟಗೆ, ಏನು ಮಾಡಲಿ, ನಲವತ್ತು ವರ್ಷ ನೆಟ್ಟಗೆ ನಿಲ್ಲು ಎಂದು ಕಲಿಸಿ ಈಗ ಬಾಗು ಅಂದರೆ — ಅಪ್ಪ ಇದ್ದಿದ್ದರೆ, ಕೂದಲೆಳೆಯಷ್ಟು ವಾಲಿದರೂ ತಂತಿಯಲ್ಲಿ ಸೀಳಿ, ನೋಡು ಎಲ್ಲಿ ದಪ್ಪ ಎಲ್ಲಿ ತೆಳು, ಹಂದಿಗಾದ್ರೂ ಇದ್ರಲ್ಲಿ ಇಡ್ತೀಯೇನೋ, ಬಾಯಿ ತೆರೆದು ಬಿದ್ದ ಬಟ್ಟಲು, ಅದರ ಹೊಟ್ಟೆಯೊಳಗೆ ತನ್ನ ಹೆಬ್ಬೆರಳಿನ ಸುಳ್ಳು — ಈಗ ಸುಳ್ಳಿಗೇ ದೀಪ ಹಾಕಿ ಗಾಜಿನ ಪೆಟ್ಟಿಗೆಯಲ್ಲಿಡುತ್ತಾರೆ, ಫೋನಿನಲ್ಲಿ ತೋರಿಸಿದಳಲ್ಲ, ಯಾವನೋ ಮೂರು ವಾರ ಕಲಿತವನ ಹೂಜಿ, ಕುಡಿದು ಗೋಡೆಗೊರಗಿದ ಹಾಗೆ, ಅದರಲ್ಲಿ ಆತ್ಮ ಇದೆಯಂತೆ, ಸೋರುತ್ತಲೂ ಇರಬೇಕು, ಆತ್ಮ ಹೊರಗೆ ಬರಲು ದಾರಿ ಬೇಕಲ್ಲ — ಕೇಳಿದ್ದು ಮಾಡಿ ಕಳ್ಸಿಬಿಡು ಮಾರಾಯ, ಹೆಂಡತಿ ಸಾವೆತಾ, ಬಣ್ಣ ತುಂಬಿದ ಹಸುವಿನ ಕೊಂಬಿನ ತುದಿಯಿಂದ ತಟ್ಟೆಗೆ ಸುಳಿ ಬಿಡುತ್ತ, ನೀನು ಒಲ್ಲೆ ಅಂದ್ರೆ ಪಕ್ಕದ್ಮನೆ ಕುಂಬಾರ ಪ್ರೊಕೋಪ ಹೂಂ ಅಂತಾನೆ, ಆಮೇಲೆ ನಮ್ಮೂರು ಹೊರೇಝು ಅಂದ್ರೆ ಅವನ ಗಡಿಗೆ ಅಂತಾಗತ್ತೆ — ಅದೇ ಚುಚ್ಚಿದ್ದು, ಪ್ರೊಕೋಪನ ಗಡಿಗೆ! ಒತ್ತಿದ, ಹೆಬ್ಬೆರಳಿಂದ, ಬಲಗಡೆ, ಒಂದೊಂದನ್ನೂ, ಹನ್ನೆರಡು. ಮಧ್ಯಾಹ್ನದ ಬಿಸಿಲಿಗೆ ಅವು ಆರಿ ಬಿಗಿದ ಮೇಲೆ ಇಲಿಂಕಾ ಬಗ್ಗಿ ನೋಡಿ, ಅಯ್ಯೋ ಮಾಮ, ಎಲ್ಲಾ ಒಂದೇ ಥರ ಸೊಟ್ಟ ಇದಾವಲ್ಲ! — ಇವೆ, ಒಂದೇ ಕಡೆ, ಒಂದೇ ಆಳ, ಸಿಪಾಯಿಗಳು ಟೋಪಿ ಓರೆ ಮಾಡಿಕೊಂಡು ಸಾಲಾಗಿ ನಿಂತ ಹಾಗೆ, ಬೇಕಾದರೆ ಅಳೆದುಕೊಳ್ಳಲಿ, ಸೊಟ್ಟ ಮಾಡುವುದಕ್ಕೂ ಕೈ ಪಳಗಿರಬೇಕು ತಾಯಿ — ಹೋಗ್ಲಿ ಬಿಡಿ, ನಡೆಯತ್ತೆ, ಅಡಿಯಲ್ಲಿ ಹೆಸರು ಕೆತ್ತಿ ಮಾಮ, ಹೆಸರಿಲ್ದಿದ್ರೆ ಯಾರೂ ನಂಬಲ್ಲ. ಹೆಸರು. ಅಪ್ಪನದೂ ಅದೇ, ಆಕಿಮ್, ಊರಿನ ಯಾವ ಅಡುಗೆಮನೆಯ ತಟ್ಟೆ ಮಗುಚಿದರೂ ಅದೇ, ಇದನ್ನೂ ಮಗುಚುತ್ತಾರೆ, ಪ್ರೊಕೋಪ ಮೊದಲು ಮಗುಚುತ್ತಾನೆ, ಮೇಲೆ ಸೊಟ್ಟ, ಕೆಳಗೆ ಆಕಿಮ್, ಮೇಲೆ ಸೊಟ್ಟ, ಕೆಳಗೆ ಆಕಿಮ್ — ಯಾರ ಹೆಸರಮ್ಮಾ? ಎಂದು ಕೇಳಿದ. ಇದೇನ್ ಮಾಮ, ಇದು ಯಾರ ಕೆಲ್ಸಾನೋ ಅವ್ರದ್ದು! ಹೌದಲ್ಲ, ಎಂದ, ಮೊಳೆ ತೆಗೆದುಕೊಂಡ, ಮೊದಲ ಬಟ್ಟಲು ಮಗುಚಿ ಅದರ ಅಡಿಯಲ್ಲಿ, ಉಸಿರು ಬಿಗಿಹಿಡಿದು, ಒಂದಕ್ಷರವೂ ವಾಲದಂತೆ, ದುಂಡಗೆ ಕೆತ್ತಿದ: ಇಲಿಂಕಾ.