ದಿನಕ್ಕೊಂದು ಕಾರಣ

ಕಾರಣವಿಲ್ಲದೆ ಕುಡಿಯುವಂತಿಲ್ಲ ಎಂಬ ಕಾನೂನನ್ನು ಆ ಮನೆಗೆ ತಂದವಳು ಹೆಂಡತಿಯೇ. ಗಂಡ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು. ಬೆಳಕು ಹರಿಯುವ ಮೊದಲೇ ಹೋಗಿ, ಮಧ್ಯಾಹ್ನ ಮೂರಕ್ಕೆ ಮೈಯೆಲ್ಲ ಹಿಟ್ಟು ಮಾಡಿಕೊಂಡು ಬರುತ್ತಿದ್ದ. ಬಂದವನು ಕೈಕಾಲು ತೊಳೆದು ನೇರ ಕಪಾಟಿನ ಮೇಲಿನ ಬಾಟಲಿಗೆ ಕೈ ಹಾಕುತ್ತಿದ್ದ. ಬೇಡ ಎಂದರೆ ಬಿಡುವ ಆಸಾಮಿಯಲ್ಲ. ಮದುವೆಯಾದ ಮೂರನೇ ತಿಂಗಳಲ್ಲಿ ಅವಳು ಹೇಳಿದಳು: "ಆಯ್ತು, ಕುಡೀರಿ. ಆದ್ರೆ ಯಾಕೆ ಅಂತ ದಿನಾ ನನಗೆ ಹೇಳ್ಬೇಕು. ನಾನು ಒಪ್ಪಿದ್ರೆ ಮಾತ್ರ ಬಾಟ್ಲಿ ಕೆಳಗಿಳೀಬೇಕು." ದಿನಕ್ಕೊಂದು ಕಾರಣ ಹುಡುಕಿ ಹುಡುಕಿ ಸುಸ್ತಾಗಿ ತಾನೇ ಬಿಡುತ್ತಾನೆ ಎಂದುಕೊಂಡು ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡಿದ್ದಳು.

ಸುಸ್ತಾದವಳು ಅವಳು. ಅವನಿಗೆ ಕಾರಣಗಳ ಬರ ಎಂದೂ ಬರಲಿಲ್ಲ. ಮಾಲೀಕ ಬೈದ, ಹಿಟ್ಟು ಉಬ್ಬಲಿಲ್ಲ, ಬಸ್ಸಿನಲ್ಲಿ ಯಾರೋ ಕಾಲು ತುಳಿದರು. ಅವನು ಹೇಳುವುದು, ಇವಳು ಹೊಲಿಗೆ ಯಂತ್ರ ನಿಲ್ಲಿಸಿ ಅಡ್ಡಪ್ರಶ್ನೆ ಹಾಕುವುದು, ದೊಡ್ಡ ವಕೀಲರ ಹಾಗೆ ಇಬ್ಬರೂ ವಾದಿಸುವುದು. ಕಾರಣ ಪಾಸಾದ ದಿನ ಮನೆ ತಣ್ಣಗಿರುತ್ತಿತ್ತು. ಫೇಲಾದ ದಿನ ರಣರಂಗ. ಅವಳ ತವರಿನವರಿಂದ ಹಿಡಿದು ಅವನ ಗೊರಕೆಯವರೆಗೆ ಎಲ್ಲವೂ ಹೊರಗೆ ಬರುತ್ತಿತ್ತು, ಕೊನೆಗೆ ಅವನು ಹೇಗಿದ್ದರೂ ಕುಡಿಯುತ್ತಿದ್ದ. ಇದೆಲ್ಲ ನಡೆಯುತ್ತಿದ್ದುದು ಆರು ವರ್ಷದ ಮಗಳ ಮುಂದೆಯೇ. ಚಿಕ್ಕ ಮಕ್ಕಳಿಗೆ ಇದೆಲ್ಲ ಏನು ತಿಳಿಯುತ್ತದೆ ಎಂದು ಇಬ್ಬರೂ ನಂಬಿದ್ದರು. ಅವರಿಬ್ಬರಿಗೂ ಒಮ್ಮತವಿದ್ದ ವಿಷಯ ಅದೊಂದೇ.

ಈ ವರ್ಷ ಮಗಳೇ ಕಾರಣವಾಗತೊಡಗಿದಳು. ಅಚ್ಚುಕಟ್ಟಾಗಿದ್ದ ಚಿಣ್ಣಿ ಇದ್ದಕ್ಕಿದ್ದಂತೆ ಕೈಗೆ ಬಂದದ್ದನ್ನೆಲ್ಲ ಹಾಳುಮಾಡುವ ಹುಡುಗಿಯಾಗಿಬಿಟ್ಟಳು. ಒಂದು ದಿನ ಹಾಲು ಚೆಲ್ಲಿದಳು, ಇನ್ನೊಂದು ದಿನ ಒಂದು ಕಾಲಿನ ಶೂ ಕಳೆದುಕೊಂಡು ಬಂದಳು, ಮತ್ತೊಂದು ದಿನ ಗೋಡೆಯ ತುಂಬ ಶಾಯಿ. "ಇಂಥವಳನ್ನ ಸಾಕೋಕೆ ಒಂದು ಗ್ಲಾಸಾದ್ರೂ ಬೇಡ್ವೇನೇ?" ಎನ್ನುತ್ತಿದ್ದ ಅವನು. ಚೆಲ್ಲಿದ ಹಾಲು ಕಣ್ಣೆದುರಿಗೇ ಇರುವಾಗ ಅವಳು ಹೇಗೆ ವಾದಿಸುವುದು? "ಕುಡೀರಿ" ಎನ್ನುತ್ತಿದ್ದಳು. ಅಷ್ಟು ಹೇಳಿ ಸುಮ್ಮನಿದ್ದರೂ ಆಗುತ್ತಿತ್ತು, ಇರುತ್ತಿರಲಿಲ್ಲ. ಮಗಳ ಕಡೆ ತಿರುಗಿ, "ನೋಡು, ನಿನ್ನಿಂದಲೇ ಅಪ್ಪ ಇವತ್ತು ಕುಡಿಯೋದು" ಎಂದು ಸೇರಿಸುತ್ತಿದ್ದಳು. ಹಾಗಾದರೂ ಹುಡುಗಿಗೆ ಬುದ್ಧಿ ಬರಲಿ ಎಂದು.

ಬುದ್ಧಿ ಬರಲಿಲ್ಲ, ಶಾಲೆಯಿಂದ ಕರೆ ಬಂತು. ಟೀಚರ್ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟರು. ಮೂರು ಹಾಳೆ ಅಡ್ಡಡ್ಡ ಹರಿದಿದ್ದವು.

"ಬೇರೆ ಮಕ್ಕಳು ಹರಿದದ್ದಲ್ಲ. ನಿನ್ನೆ ಕೊನೇ ಪೀರಿಯಡ್‌ನಲ್ಲಿ ಇವಳೇ ಕೂತು ಹರೀತಾ ಇದ್ಲು, ಸಿಟ್ಟಿಲ್ಲ, ಅಳು ಇಲ್ಲ. ಹೀಗೇ ಆದ್ರೆ ಮುಂದಿನ ಕ್ಲಾಸಿಗೆ ಕಳಿಸೋದು ಕಷ್ಟ. ಮನೇಲಿ ಏನಾದ್ರೂ ಇದ್ಯಾ?"

"ಏನೂ ಇಲ್ಲ" ಎಂದಳು ಅವಳು, ಮುಖಕ್ಕೆ ಹೊಡೆದ ಹಾಗೆ. ಟೀಚರರ ಮೆದು ದನಿ ಕೇಳಿಯೇ ಅವಳಿಗೆ ಮೈ ಉರಿದಿತ್ತು.

ದಾರಿಯುದ್ದಕ್ಕೂ ಮಗಳನ್ನು ಬೈದಳು. ಯಾಕೆ ಹರಿದೆ ಎಂದರೆ ಹುಡುಗಿ ಬ್ಯಾಗಿನ ಪಟ್ಟಿ ಸರಿಮಾಡಿಕೊಂಡು ಮುಂದೆ ಮುಂದೆ ನಡೆದಳು. ಮಗಳು ಒಂದನೇ ಕ್ಲಾಸಿನಲ್ಲೇ ಉಳಿದುಬಿಟ್ಟರೆ ಎಂಬ ಹೆದರಿಕೆ ಒಂದು ಕಡೆ. ಈ ಹರಿದ ಪುಸ್ತಕ ಗಂಡನ ಕಣ್ಣಿಗೆ ಬಿದ್ದರೆ ಒಂದಲ್ಲ, ಮೂರು ಗ್ಲಾಸಿಗೆ ಆಗುವಷ್ಟು ಕಾರಣ ಎಂಬ ಸಿಟ್ಟು ಇನ್ನೊಂದು ಕಡೆ. ಮನೆಗೆ ಬಂದವಳೇ, ಹೊಲಿಯಲು ತಂದಿದ್ದ ಸಮವಸ್ತ್ರದ ಬಟ್ಟೆಗಳ ಅಡಿಗೆ ಪುಸ್ತಕವನ್ನು ತುರುಕಿದಳು. ಇವತ್ತು ಅವನಿಗೆ ಏನೂ ಸಿಗಬಾರದು.

ಮೂರಕ್ಕೆ ಅವನು ಬಂದ. ಮುಖ ತೊಳೆದು, ಕಪಾಟಿನ ಕಡೆ ನೋಡಿ, "ಸೆಕೆ" ಎಂದ.

"ನಿನ್ನೆಯೂ ಇತ್ತು ಸೆಕೆ. ನಡೆಯಲ್ಲ."

"ಬೆನ್ನು ನೋವು."

"ಬೆನ್ನಿಗೆ ಹಚ್ಕೊಳ್ಳಿ, ಕುಡೀಬೇಡಿ."

"ನಿನ್ನ ಮುಖ ನೋಡಿದ್ದೇ ಕಾರಣ ಅಂತ ಇಟ್ಕೋ."

"ನನ್ನ ಮುಖ ಏಳು ವರ್ಷದಿಂದ ಇದೇ ಇದೆ. ಹೊಸದೇನಾದ್ರೂ ಇದ್ರೆ ಹೇಳಿ."

ಅವನು ಹಲ್ಲು ಕಡಿದ. "ಸ್ಕೂಲಿಗೆ ಕರೆಸಿದ್ರಲ್ಲ, ಏನಂತೆ?"

"ಹೊಗಳೋಕೆ ಕರೆಸಿದ್ರು. ಮಗಳು ಅಕ್ಷರ ಚೆನ್ನಾಗಿ ಬರೀತಾಳಂತೆ."

ಮೂಲೆಯಲ್ಲಿ ಕೂತಿದ್ದ ಚಿಣ್ಣಿ ತಲೆ ಎತ್ತಿದಳು.

ಅವನು ಕಾಲ ಬಳಿಯಿದ್ದ ಸ್ಟೂಲನ್ನು ಒದ್ದ. ದುಡಿದು ಬಂದವನಿಗೆ ಈ ಮನೆಯಲ್ಲಿ ನಾಯಿಗಿರುವ ಮರ್ಯಾದೆಯೂ ಇಲ್ಲ ಎಂದ. ನಾಯಿ ಕುಡಿಯುವುದಿಲ್ಲ ಎಂದಳು ಅವಳು. ನಿನ್ನಪ್ಪ ಕುಡಿಯುತ್ತಿರಲಿಲ್ಲವೇ ಎಂದ. ನಮ್ಮಪ್ಪನ ಸುದ್ದಿಗೆ ಬಂದರೆ ನಾಲಿಗೆ ಸೀಳುತ್ತೇನೆ ಎಂದು ಅವಳು ಎದ್ದು ನಿಂತಳು, ಕೈಯಲ್ಲಿ ಕತ್ತರಿ ಇದ್ದದ್ದು ಅವಳಿಗೇ ಗೊತ್ತಿರಲಿಲ್ಲ. ಅವಳು ಗೆಲ್ಲುತ್ತಿದ್ದಳು, ಗೆಲ್ಲುವುದು ಹಿತವಾಗಿತ್ತು.

ಅಷ್ಟರಲ್ಲಿ ಚಿಣ್ಣಿ ಬಟ್ಟೆಗಳ ರಾಶಿಗೆ ಕೈ ಹಾಕಿ ನೋಟ್‌ಬುಕ್ ಎಳೆದು ತಂದಳು. ಇಬ್ಬರ ನಡುವೆ ನಿಂತು ಅಪ್ಪನ ಮುಂದೆ ಹಿಡಿದಳು.

"ಅಮ್ಮ ಸುಳ್ಳು ಹೇಳ್ತಿದಾಳೆ ಅಪ್ಪ. ಟೀಚರ್ ಹೊಗಳಲಿಲ್ಲ. ನಾನು ಮೂರು ಹಾಳೆ ಹರಿದಿದೀನಿ, ನೋಡು. ಇಷ್ಟು ಸಾಕಾ?"

"ಏನಕ್ಕೆ ಸಾಕು?" ಎಂದ ಅವನು.

"ಕಾರಣಕ್ಕೆ." ಇಷ್ಟೂ ತಿಳಿಯದೇ ಎನ್ನುವ ಹಾಗೆ ಅಪ್ಪನನ್ನು ನೋಡಿದಳು. "ಬೇಕರಿಗೆ ಹೊಸ ಒಲೆ ಬಂತು, ಇನ್ಮೇಲೆ ಮಾಲೀಕರು ಬೈಯಲ್ಲ ಅಂತ ಮೊನ್ನೆ ನೀನೇ ಹೇಳಿದೆಯಲ್ಲ. ನಿನ್ನ ಹತ್ರ ಏನೂ ಇರಲ್ಲ ಅಂತ ನನಗೆ ಗೊತ್ತಿತ್ತು."

ತಾಯಿ ಕತ್ತರಿ ಹಿಡಿದ ಕೈ ಇಳಿಸಿದಳು. "ಮತ್ತೆ ಆ ಹಾಲು?"

"ಬೇಕಂತಲೇ ಚೆಲ್ಲಿದೆ."

"ಶೂ?"

"ಚರಂಡಿಗೆ ಹಾಕಿದೆ. ನಂದು ಏನಾದ್ರೂ ತಪ್ಪಿದ್ರೆ ನೀನು ತಕ್ಷಣ ಕುಡೀರಿ ಅಂತೀಯ. ಆಮೇಲೆ ನೀವಿಬ್ರೂ ಬೈಕೊಳ್ಳಲ್ಲ."

ಅವಳು ಕತ್ತರಿಯನ್ನು ಯಂತ್ರದ ಮೇಲಿಟ್ಟಳು. ಗಂಡನ ಮೇಲೆ ಇದ್ದ ಸಿಟ್ಟು ಹಾಗೇ ಇತ್ತು, ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಅದಕ್ಕಿಂತ ಹೆಚ್ಚು ಅಸಹ್ಯ ಈಗ ತನ್ನ ಮೇಲೆಯೇ ಬಂತು. ಸ್ಟೂಲನ್ನು ಎತ್ತಿ ನಿಲ್ಲಿಸಿ ಅದರ ಮೇಲೆ ಹತ್ತಿ ಬಾಟಲಿ ಇಳಿಸಿದಳು. ಗ್ಲಾಸಿನ ಜೊತೆ ಅದನ್ನು ಅವನ ಮುಂದೆ ಕುಕ್ಕಿದಳು.

"ಕುಡೀರಿ. ಇವತ್ತಿಂದ ನಾನು ಕಾರಣ ಕೇಳಲ್ಲ. ಕುಡೀಬೇಕು ಅನ್ನಿಸಿದ್ರೆ ಕುಡೀರಿ. ಅವಳ ಹೆಸರು, ಮಾಲೀಕನ ಹೆಸರು, ಸೆಕೆಯ ಹೆಸರು, ಯಾವುದೂ ಬೇಡ."

"ಎಲ್ಲಾ ನನ್ನ ತಲೆಗೇ ಕಟ್ತೀಯಾ? ಈ ಕಾನೂನು ತಂದವಳು ನೀನು."

"ಹೌದು, ನಾನೇ. ಅದಕ್ಕೇ ನಾನೇ ತೆಗೀತಿದೀನಿ."

ಅವನು ಗ್ಲಾಸಿಗೆ ಸುರಿದುಕೊಂಡ. ಅಭ್ಯಾಸಬಲದಿಂದ ಏನೋ ಹೇಳಲು ಬಾಯಿ ತೆರೆದ. ಕೇಳುವವರಿಲ್ಲವೆಂದು ನೆನಪಾಗಿ, ಯಾರ ಕಡೆಗೂ ನೋಡದೆ ಕುಡಿದ.

ಚಿಣ್ಣಿ ಇನ್ನೂ ಪುಸ್ತಕ ಹಿಡಿದೇ ನಿಂತಿದ್ದಳು. ಅವಳ ಮುಖದಲ್ಲಿ ಗಾಬರಿಯಿತ್ತು, ಇದ್ದ ಒಂದೇ ಕೆಲಸವನ್ನು ಯಾರೋ ಕಸಿದುಕೊಂಡ ಹಾಗೆ.

"ಹಾಗಾದ್ರೆ ನಾಳೆಯಿಂದ ನಿಮ್ಮ ಜಗಳ ಹೇಗೆ ನಿಲ್ಸೋದು?"

"ನಿಮ್ಮಮ್ಮನ್ನ ಕೇಳು" ಎಂದ ಅವನು.

ನಿಮ್ಮಪ್ಪನ್ನ ಕೇಳು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನಾಲಿಗೆ ಕಚ್ಚಿಕೊಂಡಳು. ಅದರ ಬದಲಿಗೆ ಹೇಳಲು ಬೇರೆ ಮಾತು ಹುಡುಕತೊಡಗಿದಳು. ಹುಡುಗಿ ಅವಳ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು.