ಘಾಟಿನ ಕೆಮ್ಮು

ಘಾಟು ಬರುತ್ತಿಲ್ಲ, ಫ್ಯಾನು ತಿರುಗುತ್ತಿದೆ, ಮೆಣಸಿನಕಾಯಿಯ ಸಿಪ್ಪೆ ಬೀಜ ಎಲ್ಲ ಪಡಸಾಲೆ ತುಂಬ ಹಾರುತ್ತಿವೆ, ರಾಶಿ ಮೊಣಕಾಲಿನ ಮಟ್ಟಕ್ಕಿದೆ, ಆದರೂ ಮೂಗಿಗೆ ಏನೂ ಇಲ್ಲ, ಬರೀ ಗಾಳಿ — ಕಿಟಕಿ ತೆರೆದಿದೆಯಾ, ಇಲ್ಲ, ನಾನೇ ಮುಚ್ಚಿದ್ದು, ಅಂಬುಲೆನ್ಸು ಹೋದ ಕೂಡಲೇ ಬಾಗಿಲು ಕಿಟಕಿ ಎಲ್ಲ ಮುಚ್ಚಿದೆ — ಒಂದು ಕಾಯಿ ಮುರಿದು ಮೂಗಿಗೇ ಹಿಡಿದೆ, ಕಣ್ಣಲ್ಲಿ ನೀರು ಬಂತು, ವಾಸನೆ ಮಾತ್ರ ಇಲ್ಲ. ಬ್ಯಾಡಗಿಯ ಹೆಂಗಸಿಗೆ ಮೆಣಸಿನಕಾಯಿ ವಾಸನೆ ಗೊತ್ತಾಗುವುದಿಲ್ಲ ಎಂದರೆ ಯಾರಾದರೂ ನಗಬೇಕು, ಅತ್ತೆ ಇದ್ದಿದ್ದರೆ ನಗುತ್ತಿದ್ದಳು, ನಕ್ಕು ಕೆಮ್ಮುತ್ತಿದ್ದಳು, ಕೆಮ್ಮಿ ನನ್ನನ್ನೇ ಬೈಯುತ್ತಿದ್ದಳು, ಅತ್ತೆ ಫಕ್ಕೀರವ್ವ ಈಗ ಹಾವೇರಿಯ ದವಾಖಾನೆಯಲ್ಲಿದ್ದಾಳೆ, ಮೂಗಿಗೆ ಪೈಪು ಹಾಕಿದ್ದಾರಂತೆ, ಇವರು ಅಂಬುಲೆನ್ಸಿನ ಹಿಂದೆ ಬೈಕಿನ ಮೇಲೆ ಹೋದವರು ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದಾರೆ, ಒಳಗೆ ಬಿಟ್ಟಿಲ್ಲ. ಮನೆಯಲ್ಲಿ ನಾನು, ಈ ರಾಶಿ, ಮಣೆಯ ಮೇಲೆ ಮಕಾಡೆ ಮಲಗಿರುವ ನನ್ನ ಮೊಬೈಲು. ಅದು ಇನ್ನೇನು ಮತ್ತೆ ಬಡಿದುಕೊಳ್ಳುತ್ತದೆ, ಆಗಲೇ ಒಮ್ಮೆ ಬಡಿದುಕೊಂಡಿತ್ತು. ಹಾವೇರಿ ಆರೋಗ್ಯ ಇಲಾಖೆಯಿಂದ ಮಾತಾಡಾಕತ್ತೇನ್ರಿ, ಫಕ್ಕೀರವ್ವನ ಸೊಸಿ ನಾಗಲಕ್ಷ್ಮಿ ನೀವ ಏನ್ರಿ, ನಿಮ್ಮ ಅತ್ತಿಯವರದು ಪಾಸಿಟಿವ್ ಬಂದೈತಿ, ಯಾರ ಯಾರ ಜೊತಿ ಕುಂತೀರಿ, ಯಾರ ನಿಮ್ಮನ್ನ ಮುಟ್ಟ್ಯಾರ, ಒಬ್ಬರನ್ನೂ ಬಿಡದಂಗ ಹೇಳ್ರಿ, ಚಿಕ್ಕ ಹುಡುಗಿಯ ದನಿ, ಇಡೀ ದಿನ ಇದನ್ನೇ ಕೇಳಿ ಕೇಳಿ ಸವೆದ ದನಿ, ನಾನು ತಲಿ ಸುತ್ತಾಕತ್ತೈತ್ರಿ, ಆಮ್ಯಾಲೆ ಮಾಡ್ರಿ ಅಂದೆ. ತಲೆ ಸುತ್ತುತ್ತಿರಲಿಲ್ಲ. ಹೆಸರು ನಾಲಿಗೆಯ ತುದಿಯಲ್ಲೇ ಇತ್ತು, ಒಂದೇ ಹೆಸರು, ಅಕ್ಬರಬಿ, ಈ ಗೋಡೆಯ ಆಚೆ ಇರುವವಳು, ನಮಗೂ ಅವರಿಗೂ ಇರುವುದೇ ಒಂದು ಗೋಡೆ. ಹೇಳಿದರೆ ಅವಳ ಬಾಗಿಲಿಗೆ ಚೀಟಿ ಅಂಟಿಸುತ್ತಾರೆ, ಓಣಿ ತಲೆ ಆಡಿಸುತ್ತದೆ, ನಾವ ಹೇಳಿದ್ದಿಲ್ಲೇನು, ಅವರ ಮನಿಯಿಂದನ ಬಂದದ್ದು ಅನ್ನುತ್ತದೆ. ಹೇಳದಿದ್ದರೆ — ಒಳಗೆ ತಬಸ್ಸುಮ್ ಇದ್ದಾಳೆ, ಅಕ್ಬರಬಿಯ ಮಗಳು, ಚೊಚ್ಚಲ ಬಾಣಂತನಕ್ಕೆ ರಾಣೆಬೆನ್ನೂರಿನಿಂದ ತವರಿಗೆ ಬಂದವಳು, ದಿನ ತುಂಬಿದವಳು, ತಾಯಿಯ ಕೈಯಿಂದಲೇ ಉಣ್ಣುತ್ತಾಳೆ, ತಾಯಿಯ ಪಕ್ಕದಲ್ಲೇ ಮಲಗುತ್ತಾಳೆ, ಆ ತಾಯಿಯನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ, ಯಾರೂ ದೂರ ಮಲಗು ಎಂದು ಹೇಳುವುದಿಲ್ಲ.

ಕೆಮ್ಮು ಅಂದರೆ ನಮ್ಮೂರಿನಲ್ಲಿ ರೋಗವಲ್ಲ. ಹಾವೇರಿಯಿಂದ ಬಸ್ಸು ಬಂದರೆ ಕಂಡಕ್ಟರ್ ಊರಿನ ಹೆಸರು ಕೂಗುವುದೇ ಬೇಡ, ಮಾರ್ಕೆಟ್ಟು ಹತ್ತಿರವಾದಂತೆ ಅರ್ಧ ಬಸ್ಸು ಸೀನುತ್ತದೆ, ಸೀನದವರು ಊರಿನವರು, ಕೈಚೀಲ ತಗೊಂಡು ಏಳುತ್ತಾರೆ. ಸುಗ್ಗಿ ಶುರುವಾಯಿತೆಂದರೆ ಸಾಲೆಯ ಮಾಸ್ತರು ಕೆಮ್ಮುತ್ತ ಪಾಠ ಹೇಳುತ್ತಾನೆ, ಮದುಮಗಳು ಕೆಮ್ಮುತ್ತ ತಾಳಿ ಕಟ್ಟಿಸಿಕೊಳ್ಳುತ್ತಾಳೆ, ತುಂಬು ಬಿಡಿಸುವ ನಮ್ಮಂಥವರು, ದಿನವಿಡೀ ಕಾಯಿಯ ತೊಟ್ಟು ಮುರಿದು ಒಗೆಯುವವರು, ಕೆಮ್ಮದೆ ಮಾತೇ ಮುಗಿಸುವುದಿಲ್ಲ. ಅದಕ್ಕೇ ಇವರ ಫೋನಿನ ಕರೋನಾ ಆ್ಯಪು ನಿಮಗೆ ಕೆಮ್ಮು ಇದೆಯೇ ಎಂದು ಕೇಳಿದಾಗ ಇವರು ಬಿದ್ದು ಬಿದ್ದು ನಕ್ಕರು, ಬ್ಯಾಡಗ್ಯಾಗ ಕೆಮ್ಮಿಲ್ಲದಾವ ಯಾವ ಅದಾನ ಹೇಳ, ಹೌದು ಅಂತ ಒತ್ತಿದರ ಇಡೀ ಊರಿಗೆ ಕೀಲಿ ಹಾಕಬೇಕಾಗತೈತಿ ಅಂದರು, ಇಲ್ಲ ಎಂದು ಒತ್ತಿದರು, ಹಸಿರು ಬಂತು, ನೀವು ಸುರಕ್ಷಿತ. ಇವರು ದಲಾಲಿ ಅಂಗಡಿಯಲ್ಲಿ ತೂಕ ಮಾಡುವವರು, ಹಸಿರು ತೋರಿಸದಿದ್ದರೆ ಮಾರ್ಕೆಟ್ಟಿನ ಗೇಟಿನಲ್ಲಿ ಬಿಡುವುದಿಲ್ಲ, ಹೀಗಾಗಿ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚಿನ ಉಪಚಾರ ಆ ಹಸಿರಿಗೆ. ಅಗಡಿಯ ಮದುವೆಗೆ ಹೋಗುವಾಗಲೂ ಅದೇ ಜಾಣತನ, ಇವರ ಕಾಕಾನ ಮಗನ ಮದುವೆ, ಪರವಾನಗಿಯ ಹಾಳೆಯ ಮೇಲೆ ಐವತ್ತೇ ಜನ, ಹಂದರದಲ್ಲಿ ಕಾಲಿಡಲು ಜಾಗವಿರಲಿಲ್ಲ, ಫೋನು ಮನ್ಯಾಗ ಇರಲಿ, ಬಾಜೂಕ ಯಾವನರೆ ರೋಗದಾವ ಕುಂತಿದ್ದರ ಇದು ಕೆಂಪಾಗಿ ಕುಂದರತೈತಿ, ನಾಳಿ ಗೇಟ್ನ್ಯಾಗ ನನ್ನನ್ನ ನಿಂದರಸತಾರ ಅಂದರು, ನಾನೇ ಅದನ್ನು ಚಾರ್ಜಿಗೆ ಹಚ್ಚಿ ದೇವರ ಜಗಲಿಯ ಮೇಲೆ ಇಟ್ಟೆ. ಫೋನು ಮನೆಯಲ್ಲಿ ಸುರಕ್ಷಿತವಾಗಿತ್ತು. ನಾವು ಅಗಡಿಯಲ್ಲಿ ಮಂಡಿಗೆ ಮಂಡಿ ತಾಗಿಸಿ ಪಂಕ್ತಿಯಲ್ಲಿ ಕೂತು ಉಂಡೆವು, ಅತ್ತೆ ಗೋದಿ ಹುಗ್ಗಿ ಎರಡು ಸಲ ಹಾಕಿಸಿಕೊಂಡಳು, ಬೀಗರ ಕಡೆಯ ಮುದುಕಿಯೊಬ್ಬಳು ಕೆಮ್ಮುತ್ತಲೇ ಅತ್ತೆಯ ಗಲ್ಲ ಹಿಡಿದು ಮಾತಾಡಿಸಿದಳು, ಅಗಡಿಯಲ್ಲಿ ಮೆಣಸಿನಕಾಯಿ ಮಾರ್ಕೆಟ್ಟಿಲ್ಲ, ಅಲ್ಲಿ ಯಾಕೆ ಕೆಮ್ಮಬೇಕು, ಆಗ ಹೊಳೆಯಲಿಲ್ಲ. ಬಂದ ಕೆಲವು ದಿನಕ್ಕೆ ಅತ್ತೆಯ ಕೆಮ್ಮು ಬದಲಾಯಿತು. ನನಗೆ ಗೊತ್ತಾಗಿತ್ತು, ಗೊತ್ತಾಗಲಿಲ್ಲ ಎಂದು ಯಾರ ಮುಂದೆ ಹೇಳಿದರೂ ನನ್ನ ಮುಂದೆ ಹೇಗೆ ಹೇಳಲಿ, ಘಾಟಿನ ಕೆಮ್ಮು ಗಂಟಲಲ್ಲಿ ಕೆರೆಯುತ್ತದೆ, ಇದು ಎದೆಯ ಬುಡದಿಂದ ಬರುತ್ತಿತ್ತು, ಬಂದ ಮೇಲೆ ಅವಳು ಗೋಡೆ ಹಿಡಿದು ನಿಲ್ಲುತ್ತಿದ್ದಳು, ನಾನು ಅತ್ತಿ, ಒಂದೀಟ ನೀರ ಕುಡೀರಿ, ಈ ಸಲದ ಕಾಯಿಗೆ ಘಾಟು ಭಾಳ ಐತಿ ಅಂದೆ, ಫ್ಯಾನು ಜೋರು ಮಾಡಿದೆ.

ಲಾಕ್‌ಡೌನ್ ಎಂದು ಅಂಗಡಿಯವರು ಚೀಲಗಳನ್ನು ಮನೆಗೇ ಕಳಿಸುತ್ತಿದ್ದರು, ನಾವು ಮೂವರೂ ಒಂದೇ ರಾಶಿಯ ಸುತ್ತ, ಅತ್ತೆ, ಅಕ್ಬರಬಿ, ನಾನು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕಾಯಿ ಮುರಿದ ಕೈಯಿಂದಲೇ ಕಣ್ಣು ಉಜ್ಜಿಕೊಂಡು ಅಂಗಳದಲ್ಲಿ ಹೊರಳಾಡಿದಾಗ ಅತ್ತೆ ಗಾಬರಿಯಾಗಿ ದೇವರನ್ನು ಕರೆಯುತ್ತ ನಿಂತಿದ್ದಳು, ಅಕ್ಬರಬಿ ಓಡಿ ಹೋಗಿ ತಣ್ಣನ ಹಾಲಿನಲ್ಲಿ ಅರಿವೆ ಅದ್ದಿ ತಂದು ಕಣ್ಣಿನ ಮೇಲೆ ಇಟ್ಟಳು, ತಡಿಯವ್ವಾ, ತಡಿ, ಈಗ ಹೋಗತೈತಿ ಎನ್ನುತ್ತ ತೊಡೆಯ ಮೇಲೆ ಮಲಗಿಸಿಕೊಂಡಳು — ಅಂಥವಳು ಕೆಮ್ಮಿದಳು. ರಂಜಾನ್ ತಿಂಗಳು, ರೋಜಾ ಹಿಡಿದವಳು, ಬೆಳಗಿನಿಂದ ಹನಿ ನೀರಿಲ್ಲದ ಗಂಟಲು, ಆ ಗಂಟಲಿಗೆ ಘಾಟು ಹೊಡೆದರೆ ಕೆಮ್ಮದೆ ಏನು ಮಾಡುತ್ತಾಳೆ, ಸುಗ್ಗಿಯಲ್ಲಿ ರೋಜಾ ಬಂದಾಗಲೆಲ್ಲ ಕೆಮ್ಮುತ್ತಾಳೆ, ಅತ್ತೆ ಚೇಷ್ಟೆ ಮಾಡುತ್ತಾಳೆ, ಒಂದ ಗುಟುಕ ಕುಡಿಯ ಅಕ್ಬರಬೀ, ಯಾರೂ ನೋಡೂದಿಲ್ಲ, ನಾ ಅಡ್ಡ ಕುಂದರತೇನಿ, ಅಕ್ಬರಬಿ ನೋಡಾವ ಮ್ಯಾಲಿಂದ ನೋಡತಾನಬೇ ಎನ್ನುತ್ತಾಳೆ, ಇಬ್ಬರೂ ನಕ್ಕು ಇನ್ನಷ್ಟು ಕೆಮ್ಮುತ್ತಾರೆ. ಈ ಸಲ ಯಾರೂ ನಗಲಿಲ್ಲ. ಒಂದು ಅತ್ತೆಯ ಕೆಮ್ಮು, ಒಂದು ಅವಳ ಕೆಮ್ಮು, ಒಂದರ ಬೆನ್ನಿಗೆ ಒಂದು, ನಾನು ನಮ್ಮ ಮನೆಯದನ್ನು ಘಾಟು ಎಂದೆ, ಅವಳದಕ್ಕೆ ಮಾತ್ರ — ಅಕ್ಬರಬಕ್ಕಾ, ನಾಲ್ಕ ದಿನ ನಿಮ್ಮ ಮನ್ಯಾಗ ಕುಂತ ಬಿಡಸ್ರಿ, ನಮ್ಮ ಅತ್ತಿಗೆ ವಯಸ್ಸಾಗೈತಿ. ಇಷ್ಟು ವರ್ಷ ನೀ ಬಾ, ನೀ ಹೋಗು ಎಂದ ಬಾಯಿಗೆ ಅವತ್ತು ರೀ ಬಂತು, ಮರ್ಯಾದೆ ಕೊಟ್ಟು ಹೊರಗೆ ಹಾಕಿದೆ. ಅವಳು ನನ್ನ ಮುಖ ನೋಡಿದಳು, ಹೂಂನವ್ವ ನಾಗವ್ವಾ ಅಂದಳು, ಸೀರೆಗೆ ಅಂಟಿದ ಬೀಜ ಕೊಡವಿಕೊಂಡು, ತನ್ನ ಪಾಲಿನ ಕಾಯಿ ಮೊರಕ್ಕೆ ತುಂಬಿಕೊಂಡು ಹೋದಳು. ಅವಳು ಕೂತಿದ್ದ ಮಣೆಗೆ ನಾನು ಸೋಪು ಹಚ್ಚಿ ತೊಳೆದೆ, ತಿಕ್ಕಿ ತಿಕ್ಕಿ ತೊಳೆದೆ, ಇಷ್ಟು ಸೋಪು ಹಚ್ಚಿದರೂ ಸೋಪಿನ ವಾಸನೆಯೇ ಬರುತ್ತಿಲ್ಲವಲ್ಲ ಎಂದುಕೊಂಡೆ — ಅವತ್ತೇ, ಅವತ್ತೇ ಇರಲಿಲ್ಲ ವಾಸನೆ, ರೋಗ ನನ್ನ ಮೂಗಿನಲ್ಲಿ ಕೂತಿತ್ತು, ನಾನು ಅವಳ ಮಣೆ ತೊಳೆಯುತ್ತಿದ್ದೆ. ನಲ್ಲಿಯ ಹತ್ತಿರ ನಮ್ಮ ಓಣಿಯ ಡಾಕಪ್ಪನ ಹೆಂಡತಿ ಯಾಕ, ಅಕ್ಬರಬಿ ಬರವಲ್ಲಳಲ್ಲ ಎಂದು ಕೇಳಿದಾಗ ಸುಮ್ಮನೆ ಇರಬಹುದಿತ್ತು, ಈ ಬಾಯಿ ಸುಮ್ಮನಿರುತ್ತದೆಯೇ, ಆಕಿಗೆ ಕೆಮ್ಮು ಐತಿ, ಮಗಳೂ ರಾಣೆಬೆನ್ನೂರಿಂದ ಬಂದಾಳ ನೋಡ್ರಿ ಅಂದೆ, ಎರಡೂ ಖರೇ, ಎರಡನ್ನೂ ಸೇರಿಸಿ ಹೇಳಿದ್ದು ಸುಳ್ಳು. ಮರುದಿನ ಹಾಲಿನ ಲಕ್ಷ್ಮಪ್ಪ ಅವರ ಬಾಗಿಲಲ್ಲಿ ನಿಲ್ಲಲಿಲ್ಲ, ತಬಸ್ಸುಮ್ ಹೊಟ್ಟೆಯ ಮೇಲೆ ಪಾತೇಲಿ ಆನಿಸಿಕೊಂಡು ಹೊಸ್ತಿಲಲ್ಲಿ ನಿಂತೇ ಇದ್ದಳು, ಗಾಡಿಯ ಹಾರ್ನು ಓಣಿಯ ತುದಿ ದಾಟಿದ ಮೇಲೂ ನಿಂತಿದ್ದಳು, ನಾನು ನಮ್ಮ ಹಾಲಿನಲ್ಲಿ ಅರ್ಧ ಕೊಡಬಹುದಿತ್ತು. ಒಳಗೆ ಬಂದು ಚಹಾ ಮಾಡಿಕೊಂಡು ಕುಡಿದೆ.

ಇವತ್ತು ಬೆಳಿಗ್ಗೆ ಅಂಬುಲೆನ್ಸು ಬಂದಾಗ ಓಣಿಯ ಒಂದೂ ಬಾಗಿಲು ತೆರೆಯಲಿಲ್ಲ, ಕಿಟಕಿಗಳ ಪರದೆ ಮಾತ್ರ ಅಲುಗಾಡಿದವು, ನಮ್ಮ ಹಂಗೇ ಅವರೂ ಜಾಣರು. ಡ್ರೈವರು ಮೈತುಂಬ ಬಿಳಿ ಅಂಗಿ ತೊಟ್ಟು ದೂರ ನಿಂತ, ನೀವ ಹತ್ತಸ್ರಿ ಅಂದ, ಇವರು ಒಂದು ಕಡೆ ಹಿಡಿದರು, ನನ್ನ ಕೈಯಲ್ಲಿ ಕಸುವೇ ಇರಲಿಲ್ಲ, ಅತ್ತೆ ನಡುವೆ ಜಾರಿ ಮೆಟ್ಟಿಲ ಮೇಲೆ ಕುಸಿದಳು, ಬಾಯಿ ತೆರೆದು ಗಾಳಿ ಹುಡುಕುತ್ತಿದ್ದಳು, ಆಗ ಪಕ್ಕದ ಬಾಗಿಲು ತೆರೆಯಿತು. ಸರಿ ನಾಗವ್ವಾ, ನಾ ಹಿಡಿತೇನಿ. ಬಂದವಳೇ ಅತ್ತೆಯ ಎರಡೂ ಕಂಕುಳಿಗೆ ಕೈ ಕೊಟ್ಟು ಎದೆಗೆ ಒರಗಿಸಿಕೊಂಡು ಎತ್ತಿದಳು, ಫಕ್ಕೀರವ್ವಾ, ಹೆದರಬ್ಯಾಡಬೇ, ಲಗೂನ ಬರತೀ, ಇನ್ನೂ ಅರ್ಧ ರಾಶಿ ಹಂಗ ಐತಿ, ಬಿಡಸಾವರು ಯಾರು, ಎನ್ನುತ್ತ ಮಗುವನ್ನು ಮಲಗಿಸಿದ ಹಾಗೆ ಒಳಗೆ ಮಲಗಿಸಿದಳು, ಅತ್ತೆ ಅವಳ ಮುಖದ ಮೇಲೆಯೇ ಕೆಮ್ಮಿದಳು, ಅವಳು ಮುಖ ತಿರುಗಿಸಲಿಲ್ಲ. ಕೆಳಗೆ ಇಳಿದ ಮೇಲೆ ಅವಳಿಗೂ ಕೆಮ್ಮು ಬಂತು, ಬರಲೇಬೇಕಲ್ಲ, ಒಣಗಿದ ಗಂಟಲು, ನಮ್ಮ ಬಾಗಿಲಿನಿಂದ ಹೊರಟ ಘಾಟು, ಬಂತು — ಅವಳು ನನ್ನನ್ನು ನೋಡಿದಳು, ಥಟ್ಟನೆ ಸೆರಗು ಸುತ್ತಿ ಬಾಯೊಳಗೆ ತುರುಕಿಕೊಂಡಳು, ಹಲ್ಲಿನಿಂದ ಕಚ್ಚಿ ಹಿಡಿದಳು, ಕತ್ತಿನ ನರ ಉಬ್ಬಿದವು, ಕಣ್ಣು ಕೆಂಪಗಾಗಿ ನೀರು ಇಳಿಯಿತು, ಕೆಮ್ಮಲಿಲ್ಲ, ನನ್ನನ್ನೇ ನೋಡುತ್ತ ಕೆಮ್ಮು ನುಂಗಿದಳು. ನಾನು ಬಾಗಿಲು ಹಾಕಿಕೊಂಡೆ. ಇಷ್ಟು ದಿನ ಗೋಡೆಯಾಚೆ ಒಂದು ಕೆಮ್ಮೂ ಕೇಳಲಿಲ್ಲವಲ್ಲ, ಅಕ್ಬರಬಿಗೆ ಕಡಿಮೆ ಆಯಿತು ಎಂದುಕೊಂಡಿದ್ದೆನಲ್ಲ, ಕಡಿಮೆ ಆಗಿರಲಿಲ್ಲ, ಅವಳ ಮನೆಯಲ್ಲೂ ರಾಶಿ ಇದೆ, ಅಲ್ಲಿಯೂ ಘಾಟು ಇದೆ, ಇಷ್ಟು ದಿನವೂ ಅವಳು ಸೆರಗು ಕಚ್ಚಿಕೊಂಡೇ — ತೊಟ್ಟು ಮುರಿಯುವುದು, ಸೆರಗು ಕಚ್ಚುವುದು, ನನಗೆ ಕೇಳಿಸದಿರಲಿ ಎಂದು. ನನ್ನಂಥ ಹೆಂಗಸನ್ನು ಏನು ಮಾಡಬೇಕು, ನಾಚಿಕೆಯಿಂದ ಸಾಯುತ್ತೇನೆ ಎನ್ನುತ್ತಾರೆ, ಸಾಯುವುದಿಲ್ಲ, ಹೀಗೆ ಕೂತುಕೊಂಡು ಮೆಣಸಿನಕಾಯಿ ಮುರಿಯುತ್ತಾರೆ.

ಇವರು ದವಾಖಾನೆಯ ಗೇಟಿನಿಂದ ಫೋನು ಮಾಡಿದಾಗ ಅವ್ವನ ಸುದ್ದಿ ಹೇಳಿದ ಮೇಲೆ ದನಿ ತಗ್ಗಿಸಿದರು, ನೋಡ, ಅಗಡಿ ಮದುವಿ ಸುದ್ದಿ ತಗೀಬ್ಯಾಡ, ಕಾಕಾನ ಮ್ಯಾಲೆ ಕೇಸ್ ಹಾಕತಾರ, ನನ್ನನ್ನ ಅಂಗಡಿಗೆ ಬಿಡೂದಿಲ್ಲ, ಬಾಜೂ ಮನಿಯಾಕಿ ಬಂದು ಕುಂದರತಿದ್ಲು ಅಂತ ಹೇಳ, ಅಷ್ಟ ಸಾಕು. ಅಷ್ಟೇ ಸಾಕು, ಸುಳ್ಳೂ ಅಲ್ಲ, ಬಂದು ಕೂರುತ್ತಿದ್ದದ್ದು ಖರೇ, ಉಳಿದದ್ದನ್ನು ಓಣಿ ತಾನೇ ಕಟ್ಟಿಕೊಳ್ಳುತ್ತದೆ, ಕಟ್ಟುವ ಕೆಲಸ ನಾನು ನಲ್ಲಿಯ ಹತ್ತಿರ ಅರ್ಧ ಮುಗಿಸಿಯೇ ಬಂದಿದ್ದೇನೆ — ಸೆರಗು, ಹಲ್ಲು, ಕೆಂಪು ಕಣ್ಣು — ಬಡಿದುಕೊಳ್ಳುತ್ತಿದೆ, ಮೊಬೈಲು, ಮಣೆಯ ಮೇಲೆ ನಡುಗುತ್ತ ನಡುಗುತ್ತ ಅಂಚಿಗೆ ಬರುತ್ತಿದೆ, ಹಲೋ, ಹೂಂನ್ರಿ, ನಾಗಲಕ್ಷ್ಮಿನ. ನೆನಪ ಆತೇನ್ರಿ, ಯಾರ ಬರತಿದ್ರು ನಿಮ್ಮ ಮನಿಗೆ. ಅಕ್ಬರಬಿ ಅಂತ್ರಿ, ಬಾಜೂ ಮನಿ, ಕೂಡಿ ತುಂಬು ಬಿಡಸತಿದ್ದಿವಿ, ಮುಂಜಾನಿ ಅತ್ತಿನ್ನ ಎತ್ತಿ ಹತ್ತಿಸ್ಯಾಳ. ಹುಡುಗಿ ಬರೆದುಕೊಳ್ಳುತ್ತಾಳೆ, ಪೆನ್ನಿನ ಸಪ್ಪಳವೂ ಕೇಳುತ್ತದೆ, ಆಮೇಲೆ ಕೇಳುತ್ತಾಳೆ, ಅವರಿಗೆ ಕೆಮ್ಮು ಇತ್ತೇನ್ರಿ, ಯಾವಾಗಿಂದ. ಇತ್ತು ಎಂದರೆ ಮುಗಿಯಿತು, ಇವರು ಅಂಗಡಿಗೆ ಹೋಗುತ್ತಾರೆ, ಕಾಕಾ ಉಳಿಯುತ್ತಾನೆ, ನಾನು ನಲ್ಲಿಯ ಹತ್ತಿರ ತಲೆ ಎತ್ತಿ ನಿಲ್ಲುತ್ತೇನೆ — ಇಲ್ರಿ. ಕೆಮ್ಮು ಮೊದಲ ನಮ್ಮ ಮನ್ಯಾಗ ಇತ್ರಿ. ಅಗಡಿಗೆ ಮದುವಿಗೆ ಹೋಗಿದ್ದಿವಿ, ಫೋನು ಮನ್ಯಾಗ ಇಟ್ಟ ಹೋಗಿದ್ದಿವಿ, ಅಲ್ಲಿಂದ ಬಂದ ಮ್ಯಾಲೆ ಅತ್ತಿಗೆ ಬಂತು, ನನಗೂ ಬಂದೈತಿ, ವಾಸನಿ ತಿಳಿವಲ್ದು, ಆಕಿಗೆ ಬಂದಿದ್ದರ ನಮ್ಮ ಮನಿಯಿಂದನ ಬಂದಿರತೈತಿ, ಹಂಗ ಬರಕೋರ್ರಿ, ನಮ್ಮ ಮನಿಯಿಂದ ಅಂತನ ಬರಕೋರ್ರಿ, ಆಕಿ ಮಗಳು ದಿನ ತುಂಬಿದಾಕಿ, ಮೊದಲ ಆಕಿನ್ನ ನೋಡ್ರಿ. ಹುಡುಗಿ ಎಲ್ಲ ಬರೆದುಕೊಂಡಳು. ಆತ್ರಿ, ನಮ್ಮವರು ಸಂಜೀಕ ಬರತಾರ, ಅಲ್ಲಿತನಕ ತಾಯಿ ಮಗಳು ಬ್ಯಾರೆ ಬ್ಯಾರೆ ಕ್ವಾಣ್ಯಾಗ ಇರಬೇಕು, ನೀವ ಅವರಿಗೆ ಈಗನ ಹೇಳ್ರಿ, ದೂರಿಂದ. ಫೋನು ಇಟ್ಟಳು. ಎದೆ ಹಗುರಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ, ಇವರಿಗೆ ಏನು ಹೇಳಲಿ ಎಂಬ ಭಯ ಬೇರೆ, ಇರಲಿ, ಅದು ಆಮೇಲೆ, ಮೊದಲು ತಬಸ್ಸುಮ್, ಎದ್ದು ಗೋಡೆಯ ಹತ್ತಿರ ಹೋದೆ, ಸುಣ್ಣ ತಣ್ಣಗಿದೆ, ಬಾಯಿ ಹತ್ತಿರ ಒಯ್ದು ಕರೆದೆ, ಅಕ್ಬರಬೀ, ಇನ್ನೊಮ್ಮೆ ಕರೆದೆ, ಅಕ್ಬರಬಕ್ಕಾ, ಅದೀಯೇನ — ಆ ಕಡೆ ಏನೋ ಕೈಜಾರಿ ಬಿತ್ತು, ಗಡಿಬಿಡಿಯ ಹೆಜ್ಜೆ, ಗೋಡೆಯ ತನಕ ಬಂದು ನಿಂತಿತು, ನಾನು ಇನ್ನೊಂದು ಮಾತು ಆಡುವ ಮೊದಲೇ ಅವಳ ದನಿ, ಸಣ್ಣಗೆ, ಬಟ್ಟೆಯೊಳಗಿನಿಂದ, ನಾ ಕೆಮ್ಮಿಲ್ಲವ್ವಾ ನಾಗವ್ವಾ, ಖರೇನ ಹೇಳತೇನಿ, ನಾ ಕೆಮ್ಮಿಲ್ಲ — ಸೆರಗು, ಬಾಯೊಳಗೆ ಸೆರಗು, ಕಚ್ಚಿದ ಹಲ್ಲು, ನನ್ನನ್ನೇ ನೋಡುವ ಕೆಂಪು ಕಣ್ಣು, ಸೆರಗು