ಆಟಿಯ ಒಂದು ಲೋಟ

ಶಿರ್ವದ ಸುಗಂಧಿಗೆ ನಾಲ್ಕು ವರ್ಷಗಳಿಂದ ಬೆರಳ ಗಂಟುಗಳಲ್ಲಿ ಬಾವು. ಮಲ್ಲಿಗೆ ಕಟ್ಟುತ್ತಿದ್ದ ಕೈ ಚಮಚ ಹಿಡಿಯಲೂ ಅಂಜುತ್ತಿತ್ತು. ಮಣಿಪಾಲದಲ್ಲಿ ಹೊಸ ಮದ್ದೊಂದನ್ನು ಪರೀಕ್ಷಿಸುತ್ತಿದ್ದಾರೆಂದು ಕೇಳಿ ಹೋಗಿ ಸೇರಿಕೊಂಡಳು. ಅರ್ಧ ಜನರಿಗೆ ನಿಜವಾದ ಗುಳಿಗೆ, ಉಳಿದವರಿಗೆ ಬರೀ ಹಿಟ್ಟಿನದು. ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಿಲ್ಲ. ಈ ಗುಟ್ಟು ಅವಳಿಗೆ ಬಲು ಹಿಡಿಸಿತು. ದಿನಾ ಬೆಳಿಗ್ಗೆ ಗುಳಿಗೆಯನ್ನು ಬೆಳಕಿಗೆ ಹಿಡಿದು, "ನೀನು ಯಾವುದು?" ಎಂದು ಕೇಳಿಯೇ ನುಂಗುತ್ತಿದ್ದಳು.

ಎರಡನೇ ತಿಂಗಳಲ್ಲಿ ಬೆರಳುಗಳು ಮಡಚಿದವು. ಒಂದು ಚೆಂಡು ಮಲ್ಲಿಗೆ ಕಟ್ಟಿದಳು.

ಅಷ್ಟರಲ್ಲಿ ಆಟಿ ತಿಂಗಳ ಅಮಾವಾಸ್ಯೆ, ಮನೆಮನೆಯಲ್ಲೂ ಹಾಲೆಮರದ ಕಷಾಯ ಕುಡಿಯುವ ದಿನ. ಗಂಡ ಮುದ್ದಣ್ಣ ನಸುಕಿನಲ್ಲೇ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ಹಾಲೆಮರದ ತೊಗಟೆ ತಂದ. ಪ್ರತಿವರ್ಷದಂತೆ ಖಾಲಿ ಹೊಟ್ಟೆಗೆ ಕಹಿ ಕಷಾಯ ಕುಡಿದು, ಮೆಂತೆ ಗಂಜಿ ಉಂಡು, ಲೋಟ ತೊಳೆಯುವಾಗ ಅವಳ ಕೈ ನಿಂತಿತು. ಬೇರೆ ಯಾವ ಮದ್ದನ್ನೂ ಮುಟ್ಟುವುದಿಲ್ಲ ಎಂದು ಸಹಿ ಹಾಕಿದ್ದಳು. ತಪ್ಪಿ ತೆಗೆದುಕೊಂಡರೆ ಮಣಿಪಾಲದವರು ಕೊಟ್ಟ ಡೈರಿಯಲ್ಲಿ ಬರೆಯಬೇಕಿತ್ತು.

"ಡೈರಿಯಲ್ಲಿ ಬರೆದರೆ ನನ್ನನ್ನು ತೆಗೆದುಹಾಕ್ತಾರೋ ಏನೋ."

"ಇದು ಮದ್ದು ಅಂತ ಯಾರು ಹೇಳಿದ್ದು? ಊರಿಡೀ ಕುಡೀತದೆ. ಸುಮ್ಮನಿರು ಮಾರಾಯ್ತಿ. ಬೆರಳು ಸರಿ ಉಂಟಲ್ವಾ?"

ಸರಿ ಇತ್ತು. ಅದೇ ತೊಡಕು. ಇನ್ನು ಮುಂದೆ ಬೆರಳು ಮಡಚಿದರೆ ಅದು ಗುಳಿಗೆಯಿಂದಲೋ ತೊಗಟೆಯಿಂದಲೋ, ಹೇಳುವವರು ಯಾರು? ಗುಳಿಗೆ ತಪ್ಪಿಹೋದೀತೆಂಬ ಭಯ ಇದ್ದೇ ಇತ್ತು. ಆದರೆ ತನ್ನ ಕೈಗೆ ಏನಾಯಿತೆಂದು ತನಗೇ ತಿಳಿಯದೆ ಹೋಗುವುದನ್ನು ಅವಳಿಂದ ಸಹಿಸಲಾಗಲಿಲ್ಲ. ಬರೆದಳು: 'ಹಾಲೆ ಕಷಾಯ, ಒಂದು ಲೋಟ, ಬೆಳಿಗ್ಗೆ ಆರು.'

ಮಣಿಪಾಲದಲ್ಲಿ ಡೈರಿ ನೋಡುವ ಮೇಧಾ ಪೆನ್ನು ಕೆಳಗಿಟ್ಟಳು.

"ಇದೆಂತ ಸುಗಂಧಿಯಕ್ಕ? ಬೇರೆ ಮದ್ದು ತಗೊಂಡಿದ್ದೀರಾ ಅಂತ ವಾರವಾರ ಕೇಳ್ತಿದ್ದೆನಲ್ಲ."

"ನೀವು ಮದ್ದು ಅಂತ ಕೇಳಿದ್ರಿ. ಆಟಿಯ ವಿಷಯ ಕೇಳಲಿಲ್ಲ."

ಮೇಧಾ ಡೈರಿಯ ಆ ಸಾಲನ್ನು ಇನ್ನೊಮ್ಮೆ ಓದಿದಳು. "ನಾನೂ ಕುಡಿದಿದ್ದೇನೆ. ನನಗೇ ಹೊಳೆಯಲಿಲ್ಲ ನೋಡಿ."

ಕೂತಲ್ಲಿಂದಲೇ ಉಳಿದವರಿಗೆ ಫೋನು ಮಾಡಿದಳು. ಕಾಪುವಿನಿಂದ ಕಾರ್ಕಳದವರೆಗೆ ಹದಿನಾಲ್ಕು ಮಂದಿ. ಒಂಬತ್ತು ಮಂದಿ ಕುಡಿದಿದ್ದರು, ಒಬ್ಬರೂ ಬರೆದಿರಲಿಲ್ಲ. ಉಚ್ಚಿಲದವರೊಬ್ಬರು ಎರಡು ಲೋಟ.

"ನನ್ನ ಗುಳಿಗೆ?" ಎಂದಳು ಸುಗಂಧಿ.

ಮೇಧಾ ದೊಡ್ಡ ಡಾಕ್ಟರ ಕೋಣೆಗೆ ಹೋದಳು. ಅರ್ಧ ಗಂಟೆಯಾಯಿತು. ಸುಗಂಧಿ ಬೆರಳುಗಳನ್ನು ಮಡಚಿ ಬಿಡಿಸಿ, ಮಡಚಿ ಬಿಡಿಸಿ ಕುಳಿತಳು.

"ಮುಂದುವರಿಸಬಹುದಂತೆ. ಇವತ್ತು ರಕ್ತ ಕೊಡಬೇಕು, ಕಷಾಯ ಕುಡಿದ ಮೇಲಿನ ಹದಿನೈದು ದಿನದ ಲೆಕ್ಕವನ್ನು ಬೇರೆಯಾಗಿ ನೋಡ್ತಾರೆ," ಎಂದಳು ಮೇಧಾ ಬಂದು. "ತೊಗಟೆ ಏನಾದರೂ ಉಳಿದಿದೆಯಾ ಅಂತ ಕೇಳಿದರು."

ಸುಗಂಧಿ ಚೀಲದಿಂದ ಪೇಪರಿನ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದಳು. "ನೀವು ಕೇಳ್ತೀರಿ ಅಂತ ತಂದದ್ದಲ್ಲ. ನಾನೇ ಕೇಳುವ ಅಂತ ತಂದದ್ದು. ಇದರೊಳಗೆ ಎಂತ ಉಂಟು?"

ಮೇಧಾ ಮೂಸಿ ನೋಡಿ ಮುಖ ಕಿವುಚಿದಳು.

"ಗೊತ್ತಿಲ್ಲ ಅಕ್ಕ. ನೋಡುವ."